ಡೈರಿಗೆ ಹಾಲು ಹಾಕಿದ ಅರ್ಧ ಶತಮಾನ

ಕೂಟಗಲ್ ಕಡೆಯ ಹಳ್ಳಿಗಳಲ್ಲಿ ಮಾವು ಮಾರುತ್ತಾರೆ, ರೇಷ್ಮೆಗೂಡು ಮಾರುತ್ತಾರೆ, ಕುರಿ ಕೋಳಿ ಮಾರುತ್ತಾರೆ. ಹಾಲನ್ನು ಮಾತ್ರ ‘ಹಾಕುತ್ತಾರೆ’. ‘ಹೊತ್ತಿಗೆ ಎಷ್ಟು ಲೀಟರ್ ಹಾಕ್ತೀಯವ್ವ?’ ಎಂದು ಕೇಳುತ್ತಾರೆಯೇ ಹೊರತು ‘ಎಷ್ಟು ಮಾರ್ತೀಯ?’ ಎಂದು ಯಾರೂ ಕೇಳುವುದಿಲ್ಲ. ಡೈರಿ ಎಂಬ ಮಾತಿಗೂ ಇಲ್ಲಿ ಬೇರೆಯೇ ಅರ್ಥ. ಬೆಂಗಳೂರಿನವರಿಗೆ ಡೈರಿ ಎಂದರೆ ಹೊಸೂರು ರಸ್ತೆಯ ದೊಡ್ಡ ಕಾರ್ಖಾನೆ, ಅದರಿಂದ ಹೆಸರು ಪಡೆದ ಡೈರಿ ಸರ್ಕಲ್. ಹಳ್ಳಿಯವರಿಗೆ ಅದು ಊರ ನಡುವಿನ ಒಂದೇ ಕೋಣೆಯ ಕಟ್ಟಡ. ಗೋಡೆಯ ಮೇಲೆ ‘ಹಾಲು ಉತ್ಪಾದಕರ ಸಹಕಾರ ಸಂಘ’ ಎಂಬ ಬರಹ, ಒಳಗೊಂದು ಮೇಜು, ಒಂದಿಷ್ಟು ಕ್ಯಾನು, ಬಾಗಿಲಲ್ಲಿ ಬೆಳಿಗ್ಗೆ ಸಂಜೆ ಸಾಲು.

ಈ ‘ಹಾಕುವುದು’ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ ಎಂದು ನನಗೆ ಅನಿಸುತ್ತದೆ. ಹಾಲು ಮಾರುವುದನ್ನು ಮರ್ಯಾದೆಯ ಕೆಲಸವೆಂದು ಎಣಿಸದ ಮನೆಗಳು ಹಳೇ ಮೈಸೂರಿನ ಕಡೆ ಬೇಕಾದಷ್ಟಿದ್ದವು. ಮಜ್ಜಿಗೆಯನ್ನು ನೆರೆಮನೆಗೆ ಸುಮ್ಮನೆ ಕೊಡುತ್ತಿದ್ದರು. ಬಾಣಂತಿಯ ಮನೆಗೋ ಕಾಯಿಲೆಯವರ ಮನೆಗೋ ಹಾಲು ಕೊಟ್ಟರೆ ದುಡ್ಡು ಮುಟ್ಟುತ್ತಿರಲಿಲ್ಲ. ಅಂಥ ಮನೆಯ ಹೆಂಗಸು ಐವತ್ತು ವರ್ಷಗಳ ಹಿಂದೆ ಸೆರಗಿನ ಮರೆಯಲ್ಲಿ ಒಂದು ತಂಬಿಗೆ ಹಾಲು ಹಿಡಿದು ಹೊಸದಾಗಿ ತೆರೆದ ಆ ಕೋಣೆಗೆ ಹೋದಾಗ, ತಾನು ಮಾರಲು ಬಂದಿಲ್ಲ, ಊರಿನ ಸಂಘಕ್ಕೆ ಹಾಕಲು ಬಂದಿದ್ದೇನೆ ಎಂದುಕೊಂಡಿರಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಚರಿತ್ರೆಯಲ್ಲಿ ಕೆಂಪೇಗೌಡರ ಕೋಟೆಗೆ, ಬೊಂಬೆಗೆ, ರೇಷ್ಮೆಗೆ ಪುಟಗಟ್ಟಲೆ ಜಾಗ ಸಿಕ್ಕಿದೆ. ಆ ತಂಬಿಗೆಯ ಚರಿತ್ರೆಗೆ ಅಷ್ಟು ಸಿಕ್ಕಿಲ್ಲ.

ಕೂಟಗಲ್ ರಾಮನಗರ ತಾಲ್ಲೂಕಿನ ಒಂದು ಹೋಬಳಿ. ಈ ಸೀಮೆಯ ನೆಲದಡಿ ಇರುವುದು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಬಂಡೆ. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರಿನ ಹೆಸರು ಬದಲಾದರೂ ಬಂಡೆಗೆ ಅದೇ ಉಳಿಯಿತು. ಬಂಡೆಯ ಸಂದಿನ ಕೆಂಪು ಮಣ್ಣಿನಲ್ಲಿ ಮಳೆ ನಂಬಿದ ರಾಗಿ, ಹುರುಳಿ, ಅವರೆ. ಚನ್ನಪಟ್ಟಣದ ಕಡೆ ಕಣ್ವ ಜಲಾಶಯ ಬಂದಮೇಲೆ ಒಂದಿಷ್ಟು ನೀರಾವರಿ. ಮಿಕ್ಕವರಿಗೆ ಸುಗ್ಗಿ ಮುಗಿದು ಮತ್ತೆ ಮುಂಗಾರು ಬರುವ ತನಕ ಕೈಯಲ್ಲಿ ಕೆಲಸವೂ ಇಲ್ಲ, ಕಾಸೂ ಇಲ್ಲ.

ದನಗಳಿಗೆ ಕೊರತೆ ಇರಲಿಲ್ಲ. ಆದರೆ ಈ ಸೀಮೆಯ ದನವೆಂದರೆ ಹಳ್ಳಿಕಾರ್. ಬಿಗಿಯಾದ ಮೈ, ಹಿಂದಕ್ಕೆ ಬಾಗಿದ ಉದ್ದನೆಯ ಕೊಂಬು, ದಣಿವರಿಯದ ನಡಿಗೆ. ಹಳ್ಳಿಕಾರ್ ಹಸುವನ್ನು ರೈತ ಸಾಕಿದ್ದು ಎತ್ತಿನ ತಾಯಿಯೆಂದು. ಕರು ಕುಡಿದು ಬಿಟ್ಟ ಒಂದೆರಡು ಸೇರು ಹಾಲು ಮನೆಯ ಮಕ್ಕಳಿಗೆ, ಮೊಸರಿಗೆ. ಮೈಸೂರಿನ ಅರಸರಿಗೂ ದನವೆಂದರೆ ಮೊದಲು ಎಳೆಯುವ ಬಲವೇ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಟಿಪ್ಪು ಸುಲ್ತಾನ್ ಅದನ್ನು ‘ಅಮೃತ ಮಹಲ್’ ಎಂದು ಕರೆದ. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ ಆ ದನಗಳು ಇತಿಹಾಸದಲ್ಲಿ ಹೆಸರು ಮಾಡಿದ್ದು ಸೈನ್ಯದ ಫಿರಂಗಿ ಎಳೆದು. ಕೆಂಗಲ್‌ನ ಅಯ್ಯನಗುಡಿ ಜಾತ್ರೆಯಲ್ಲಿ, ಮಾಗಡಿ ರಂಗನಾಥಸ್ವಾಮಿಯ ಜಾತ್ರೆಯಲ್ಲಿ ಇಂದಿಗೂ ಟವೆಲ್ ಕೆಳಗೆ ಬೆರಳು ಹಿಡಿದು ದಳ್ಳಾಳಿಗಳು ಕುದುರಿಸುವುದು ಎತ್ತಿನ ಜೋಡಿಯ ಬೆಲೆಯನ್ನೇ.

ಹಾಲಿನ ಬೇಡಿಕೆ ಹುಟ್ಟಿದ್ದು ಐವತ್ತು ಕಿಲೋಮೀಟರ್ ಆಚೆ, ಬೆಂಗಳೂರಿನಲ್ಲಿ. ಅಲ್ಲಿನ ಆಡುಗೋಡಿಯಲ್ಲಿ 1923ರಲ್ಲೇ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಕೇಂದ್ರ ಸಂಸ್ಥೆ ಶುರುವಾಗಿತ್ತು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಮೈಸೂರು ಸೀಮೆಗೆ ಬಂದಿದ್ದ ಗಾಂಧೀಜಿ, ಮದನಮೋಹನ ಮಾಳವೀಯರೂ ಜೊತೆಗಿದ್ದಾಗ ಆ ಸಂಸ್ಥೆಗೆ ಹೋಗಿ ಹಸು ಸಾಕುವ ಕ್ರಮವನ್ನು ಕೂತು ಕಲಿತರು. ಹಸುವನ್ನು ಉಳಿಸಬೇಕಾದರೆ ಪೂಜೆಯಷ್ಟೇ ಸಾಲದು, ಅದರ ಸಾಕಣೆ ಲಾಭದಾಯಕವಾಗಬೇಕು ಎಂಬುದು ಅವರ ನಿಲುವು. ಆದರೆ ಸಂಸ್ಥೆಯ ವಿದ್ಯೆ ಮಾಗಡಿ ರಸ್ತೆಯನ್ನೋ ಕನಕಪುರ ರಸ್ತೆಯನ್ನೋ ಹಿಡಿದು ಹಳ್ಳಿಗೆ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಸ್ವಾತಂತ್ರ್ಯದ ನಂತರ ಯುನಿಸೆಫ್ ನೆರವಿನಿಂದ ದಿನಕ್ಕೆ 50,000 ಲೀಟರ್ ಹಾಲು ಸಂಸ್ಕರಿಸುವ ಬೆಂಗಳೂರು ಡೈರಿ ಎದ್ದಿತು. 1965ರ ಜನವರಿಯಲ್ಲಿ ಅದನ್ನು ಉದ್ಘಾಟಿಸಿದವರು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ. ಮೂರು ತಿಂಗಳ ಹಿಂದಷ್ಟೇ, 1964ರ ಅಕ್ಟೋಬರ್ ಕೊನೆಯಲ್ಲಿ, ಅವರು ಗುಜರಾತಿನ ಆಣಂದ್ ಬಳಿಯ ಹಳ್ಳಿಯೊಂದರಲ್ಲಿ ರಾತ್ರಿ ತಂಗಿ, ಹಾಲಿನ ಸಹಕಾರ ಸಂಘದ ರೈತರ ಜೊತೆ ಮಾತಾಡಿ ಬಂದಿದ್ದರು. ಎರಡು ಊರುಗಳಿಗೂ ಇದ್ದ ವ್ಯತ್ಯಾಸ ದೊಡ್ಡದು. ಆಣಂದ್‌ನಲ್ಲಿ ಕಾರ್ಖಾನೆಯೇ ರೈತರದು. ಬೆಂಗಳೂರಿನಲ್ಲಿ ಕಾರ್ಖಾನೆ ಸರ್ಕಾರದ ಇಲಾಖೆಯದು, ಹಸು ಮಾತ್ರ ರೈತನದು. ನಮ್ಮಲ್ಲಿ ಸಹಕಾರದ ಪ್ರಯತ್ನವೇ ಇರಲಿಲ್ಲ ಎಂದಲ್ಲ. ಕೊಡಗಿನ ಕೂಡಿಗೆಯಲ್ಲಿ 1955ರಲ್ಲೇ ಹಾಲಿನ ಸಹಕಾರ ಶುರುವಾಗಿತ್ತು. ಅದು ನಾಡಿನುದ್ದಕ್ಕೂ ಹಬ್ಬಲು ತಳಪಾಯ ಇರಲಿಲ್ಲ.

ಆ ತಳಪಾಯ ಬಿದ್ದದ್ದು 1974ರಲ್ಲಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಆ ವರ್ಷವನ್ನು ನಾವು ಸಾಮಾನ್ಯವಾಗಿ ‘ಉಳುವವನೇ ಹೊಲದೊಡೆಯ’ ಎಂಬ ಭೂಸುಧಾರಣೆಗಾಗಿ ನೆನೆಯುತ್ತೇವೆ. ಅದೇ ವರ್ಷ ವಿಶ್ವಬ್ಯಾಂಕ್ ನೆರವಿನೊಂದಿಗೆ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮವೂ ಹುಟ್ಟಿತು. ಈ ಎರಡನ್ನೂ ಒಟ್ಟಿಗಿಟ್ಟು ನೋಡಿದವರು ಕಡಿಮೆ. ಭೂಸುಧಾರಣೆ ಗೇಣಿದಾರನಿಗೆ ಹೊಲ ಕೊಡಿಸಿತು. ಗೇಣಿಯೂ ಇಲ್ಲದ, ಕೂಲಿಯನ್ನೇ ನೆಚ್ಚಿದ ಮನೆಗೆ ಅದರಲ್ಲಿ ಏನೂ ಇರಲಿಲ್ಲ. ಹಾಲಿನ ಸಂಘ ಪಹಣಿ ಕೇಳಲಿಲ್ಲ. ಒಂದು ಹಸು ಇದ್ದು ಹಾಲು ಹಾಕಿದರೆ ಸದಸ್ಯತ್ವ. ಹತ್ತೆಕರೆಯವನಿಗೂ ಒಂದು ಓಟು, ಹಿತ್ತಲಷ್ಟೇ ಇರುವವನಿಗೂ ಒಂದು ಓಟು. ಈ ನಿಯಮದ ಬೆಲೆ ಏನೆಂದು ಅರಿಯಲು ಆ ಕಾಲದ ಹಳ್ಳಿಯನ್ನು ಬಲ್ಲವರಾಗಿರಬೇಕು.

ಬೆಂಗಳೂರು ಹಾಲು ಒಕ್ಕೂಟ 1976ರಲ್ಲಿ ನೋಂದಣಿಯಾಯಿತು. ಹಳ್ಳಿಯಲ್ಲಿ ಸಂಘ, ಅದರ ಮೇಲೆ ಒಕ್ಕೂಟ, ರಾಜ್ಯಮಟ್ಟದಲ್ಲಿ ಮಹಾಮಂಡಳ ಎಂಬ ಆಣಂದ್ ಮಾದರಿ. 1984ರಲ್ಲಿ ನಿಗಮವೇ ಕರ್ನಾಟಕ ಹಾಲು ಮಹಾಮಂಡಳವಾಗಿ ಮಾರ್ಪಟ್ಟಿತು. ಇಲಾಖೆಯ ಸ್ವತ್ತಾಗಿದ್ದ ಬೆಂಗಳೂರು ಡೈರಿ ಮೊದಲು ನಿಗಮಕ್ಕೆ, ಆಮೇಲೆ 1988ರಲ್ಲಿ ಒಕ್ಕೂಟಕ್ಕೆ ಬಂತು. ಶಾಸ್ತ್ರಿಯವರು ಉದ್ಘಾಟಿಸಿದ ಕಾರ್ಖಾನೆ ರೈತರ ಕೈಗೆ ಬರಲು ಇಪ್ಪತ್ತಮೂರು ವರ್ಷ ಹಿಡಿಯಿತು. ಈ ನಡುವೆ ಈ ಸೀಮೆಯ ನಾಲ್ಕು ತಾಲ್ಲೂಕುಗಳು ಬೆಂಗಳೂರು ಜಿಲ್ಲೆಯಿಂದ 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದವು, 2007ರಲ್ಲಿ ರಾಮನಗರ ಜಿಲ್ಲೆಯಾದವು, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಕಚೇರಿಗಳ ಬೋರ್ಡು ಎಷ್ಟು ಸಲ ಬದಲಾದರೂ ಹಾಲು ಒಕ್ಕೂಟ ಅದೇ, ಹಾಲು ಹೋಗುವ ದಾರಿಯೂ ಅದೇ.

ಸಂಘವೇನೋ ಬಂತು. ಹಳ್ಳಿಕಾರ್ ಹಸುವಿನ ಹಾಲಿನಿಂದ ಕ್ಯಾನು ತುಂಬುವುದುಂಟೆ? ಆಗ ಬಂದದ್ದು ‘ಸೀಮೆ ಹಸು’. ಕೋಲಾರದ ಎಂ.ವಿ. ಕೃಷ್ಣಪ್ಪನವರು ಡೆನ್ಮಾರ್ಕಿನ ಹಸುಗಳನ್ನು ತರಿಸಿ ತಮ್ಮ ಕಡೆಯ ರೈತರಿಗೆ ದಾರಿ ತೋರಿಸಿದ್ದರು. ಹೆಸರಘಟ್ಟದಲ್ಲಿ ಡೆನ್ಮಾರ್ಕ್ ಸಹಕಾರದಿಂದ ಶೈತ್ಯೀಕರಿಸಿದ ವೀರ್ಯದ ಕೇಂದ್ರ ಶುರುವಾಗಿತ್ತು. ದ್ರವ ಸಾರಜನಕದ ಜಾಡಿ ಹೊತ್ತ ಮೋಟಾರ್ ಸೈಕಲ್ ಹಳ್ಳಿಗೆ ಬಂದು, ಹೋರಿಯ ಕೆಲಸವನ್ನು ಒಂದು ಕಡ್ಡಿಯಷ್ಟು ತೆಳುವಾದ ಕೊಳವೆ ಮಾಡುತ್ತದೆ ಎಂದಾಗ ನಂಬಿದವರು ಕೆಲವರೇ. ಡುಬ್ಬವಿಲ್ಲದ ಆ ಕರುವಿಗೆ ನೊಗ ನಿಲ್ಲುವುದಾದರೂ ಎಲ್ಲಿ ಎಂಬುದು ಹಿರಿಯರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ. ನಾಟಿ ಹಸುವಿನ ಗಂಡುಕರು ಮನೆಯ ಆಸ್ತಿಯಾಗಿತ್ತು, ಸೀಮೆ ಹಸುವಿನ ಗಂಡುಕರು ಮನೆಗೆ ಭಾರವಾಯಿತು. ಆ ತೊಡಕು ಇಂದಿಗೂ ಬಿಡಿಸಿಕೊಂಡಿಲ್ಲ.

ಹಾಲು ಮಾತ್ರ ವಾದಕ್ಕೆ ಎಡೆ ಕೊಡಲಿಲ್ಲ. ಎರಡು ಸೇರು ಕರೆಯುತ್ತಿದ್ದ ಕೊಟ್ಟಿಗೆಯಲ್ಲಿ ಒಂದೇ ಹೊತ್ತಿಗೆ ಐದಾರು ಲೀಟರ್ ಬಂದಾಗ ಹಟ ತಾನಾಗಿ ಸಡಿಲವಾಯಿತು. ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆಯ ಸಾಲದಲ್ಲಿ ಹಸು ಕೊಂಡ ಕೂಲಿ ಕುಟುಂಬಗಳು ಎಷ್ಟೋ. ಕೆಲವರ ಹಸು ಸತ್ತು ಸಾಲ ಉಳಿಯಿತು; ಹಲವರ ಮನೆಯಲ್ಲಿ ಸಾಲ ತೀರಿ ಕಡಸುಗಳು ಉಳಿದವು.

ಈ ಸೀಮೆಗೆ ಹಾಲು ಹೊಂದಿಕೊಂಡದ್ದಕ್ಕೆ ರೇಷ್ಮೆಯೂ ಕಾರಣ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಹಿಪ್ಪುನೇರಳೆ ತೋಟ ಇರುವ ಮನೆಯಲ್ಲಿ ಹುಳ ತಿಂದು ಬಿಟ್ಟ ಸೊಪ್ಪು, ಎಳೆಗಡ್ಡಿ ಗೋದಲಿಗೆ ಬೀಳುತ್ತದೆ. ಕೊಟ್ಟಿಗೆಯ ಗೊಬ್ಬರ ತೋಟಕ್ಕೆ ಹೋಗುತ್ತದೆ. ಒಂದರ ಕಸ ಇನ್ನೊಂದರ ಮೇವು. ಗೂಡು ಒಂದು ಬೆಳೆಗೆ ಕೈತುಂಬ ದುಡ್ಡು ಕೊಟ್ಟು ಮುಂದಿನ ಬೆಳೆಗೆ ಬೆಲೆ ಬಿದ್ದು ಅಳಿಸುತ್ತಿತ್ತು. ಹಾಲು ಕೈತುಂಬ ಕೊಡಲಿಲ್ಲ, ಆದರೆ ವಾರಕ್ಕೋ ಹದಿನೈದು ದಿನಕ್ಕೋ ತಪ್ಪದೆ ಬಟವಾಡೆ ಕೊಟ್ಟಿತು. ಅಂಗಡಿಯ ಬಾಕಿ, ಮಕ್ಕಳ ಶಾಲೆ, ಸಂಘದ ಕಂತು ಎಲ್ಲವೂ ಬಟವಾಡೆಯ ದಿನಕ್ಕೆ ಕಟ್ಟಿಹಾಕಿಕೊಂಡವು.

ಡೈರಿಯ ಕೋಣೆಯ ಬಗ್ಗೆ ಒಂದಿಷ್ಟು ಹೆಚ್ಚು ಹೇಳಬೇಕು. ಮೊದಲ ವರ್ಷಗಳಲ್ಲಿ ಅಲ್ಲಿ ಕರೆಂಟು ಇಲ್ಲದೆ ಲಾಟೀನಿನ ಬೆಳಕಲ್ಲಿ ಹಾಲು ಅಳೆದದ್ದುಂಟು. ಲ್ಯಾಕ್ಟೋಮೀಟರ್ ತೇಲಿಬಿಟ್ಟು ‘ಡಿಗ್ರಿ’ ನೋಡುವುದು, ಗಾಜಿನ ಕೊಳವೆಗೆ ಆಸಿಡ್ ಹಾಕಿ ತಿರುಗಣೆಯಲ್ಲಿ ತಿರುಗಿಸಿ ‘ಫ್ಯಾಟು’ ಅಳೆಯುವುದು. ಓದುಬರಹ ಬಾರದ ಹೆಂಗಸರೂ ತಮ್ಮ ಹಾಲಿನ ಫ್ಯಾಟು ಎಷ್ಟು ಬರಬೇಕು, ಹಿಂಡಿ ಕಡಿಮೆಯಾದರೆ ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹೇಳುವಂತಾದರು. ಟೆಸ್ಟರ್ ತಪ್ಪು ಬರೆದರೆ ಸಾಲಿನಲ್ಲೇ ನಿಂತು ಕೇಳುವ ಬಾಯಿ ಬಂತು. ನಮ್ಮ ಹಳ್ಳಿಗಳಲ್ಲಿ ವಿಜ್ಞಾನದ ಮೊದಲ ಪ್ರಯೋಗಶಾಲೆ ಹೈಸ್ಕೂಲಿನದಲ್ಲ, ಡೈರಿಯದು.

ಇನ್ನೊಂದು ಮಾತು. ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟಿದ್ದ ಕಾಲದಲ್ಲೇ ಈ ಕೋಣೆಗಳು ತೆರೆದದ್ದು. ಗೌಡರ ಮನೆಯ ಹಾಲು, ಕಾಲೋನಿಯ ಹಾಲು ಒಂದೇ ಕ್ಯಾನಿಗೆ ಬಿದ್ದವು, ಮೊದಲು ಬಂದವರು ಮುಂದೆ ನಿಂತರು. ಮುಖ ಸಿಂಡರಿಸಿದವರೂ ಮರುದಿನ ಹಾಲು ಹಾಕಲು ಬಂದರು, ಏಕೆಂದರೆ ಹಾಲು ಕೆಟ್ಟುಹೋಗುವ ವಸ್ತು, ಕಾಯುವುದಿಲ್ಲ. ಇದರಿಂದ ಜಾತಿ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಸಂಘದ ಅಧ್ಯಕ್ಷಗಿರಿ, ಸೆಕ್ರೆಟರಿ ಹುದ್ದೆ ಬಹುಕಾಲ ಬಲಾಢ್ಯರ ಮನೆಗಳಲ್ಲೇ ತಿರುಗಿದವು. ಆದರೂ ಬಿದ್ದಮೇಲೆ ಬೇರ್ಪಡಿಸಲಾಗದ ಹಾಲು ಆ ಕ್ಯಾನಿನಲ್ಲಿತ್ತು.

ಉದ್ಯೋಗ ಎಂದಾಗ ಎಣಿಕೆಗೆ ಸಿಗುವವರು ಸಂಘದ ಸೆಕ್ರೆಟರಿ, ಟೆಸ್ಟರ್, ಕ್ಯಾನಿನ ಗಾಡಿಯ ಡ್ರೈವರ್, ಇಂಜೆಕ್ಷನ್ ಕೊಡುವವರು, ಫೀಡು-ಬೂಸಾ ಅಂಗಡಿಯವರು, ಜೋಳದ ಕಡ್ಡಿ ಬೆಳೆದು ಮಾರುವವರು, ಕಾರ್ಖಾನೆಯ ನೌಕರರು. ಎಣಿಕೆಗೆ ಸಿಗದ ಕೆಲಸ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಕೋಳಿ ಕೂಗುವ ಮೊದಲೇ ಎದ್ದು ಸಗಣಿ ಬಾಚಿ, ಗಂಜಲ ತೊಳೆದು, ಕೆಚ್ಚಲು ತೊಳೆದು ಕರೆದು, ಡೈರಿಗೆ ಹಾಕಿ ಬಂದು, ಹುಲ್ಲು ಕೊಯ್ದು ಹೊರೆ ಹೊತ್ತು, ನೀರು ಕುಡಿಸಿ, ಮತ್ತೆ ಸಂಜೆ ಅದನ್ನೇ ಮೊದಲಿಂದ ಮಾಡುವುದು. ನೆಂಟರ ಮದುವೆಗೆ ಹೋದರೂ ಊಟ ಮುಗಿಸಿ ಸಂಜೆ ಕರೆಯುವ ಹೊತ್ತಿಗೆ ಬಸ್ಸು ಹಿಡಿಯಬೇಕು. ಇದನ್ನು ಮಾಡಿದವರು, ಮಾಡುತ್ತಿರುವವರು ಬಹುಪಾಲು ಹೆಂಗಸರು. ಜನಗಣತಿಯವರು ಬಂದು ಕೇಳಿದರೆ ‘ಮನೇಲೇ ಇರ್ತೀನಿ’ ಎನ್ನುವವರೂ ಅವರೇ. ಸಂಘದ ಪುಸ್ತಕದಲ್ಲಿ ಬಹುಕಾಲ ಇದ್ದದ್ದು ಗಂಡನ ಹೆಸರು, ಬಟವಾಡೆಗೆ ಹೋಗುತ್ತಿದ್ದದ್ದೂ ಗಂಡನೇ. ಹಾಲಿನ ಕ್ರಾಂತಿಯ ಬಗ್ಗೆ ಮಾತಾಡುವಾಗ ಈ ಅನ್ಯಾಯವನ್ನು ಬಿಟ್ಟು ಮಾತಾಡಬಾರದು.

ಅದು ಸರಿಯಾಗತೊಡಗಿದ್ದು ನಿಧಾನವಾಗಿ. 1990ರ ದಶಕದ ಕೊನೆಯಿಂದ ಕೇಂದ್ರದ ‘ಸ್ಟೆಪ್’ ಯೋಜನೆಯಡಿ ಮಹಾಮಂಡಳ ಮಹಿಳಾ ಹಾಲು ಉತ್ಪಾದಕರ ಸಂಘಗಳನ್ನು ಕಟ್ಟಿತು. ಅಲ್ಲಿ ಅಧ್ಯಕ್ಷರೂ ಸೆಕ್ರೆಟರಿಯೂ ಹೆಂಗಸರೇ. ಇದೇ ಸಂಘಗಳ ಜಾಲ ಇನ್ನೊಂದು ದೊಡ್ಡ ಕೆಲಸಕ್ಕೂ ದಾರಿಯಾಯಿತು. ಡಾ. ದೇವಿ ಶೆಟ್ಟಿಯವರ ಆಲೋಚನೆಯಿಂದ 2003ರಲ್ಲಿ ಶುರುವಾದ ಯಶಸ್ವಿನಿ ಆರೋಗ್ಯ ಯೋಜನೆ ಮೊದಲು ನೆಚ್ಚಿದ್ದು ಹಾಲಿನ ಸಂಘವೂ ಸೇರಿದಂತೆ ಸಹಕಾರಿಗಳ ಸದಸ್ಯರನ್ನು. ಪ್ರತಿ ಹಳ್ಳಿಯಲ್ಲೂ ದಿನಕ್ಕೆರಡು ಸಲ ಜನ ಸೇರುವ, ಲೆಕ್ಕ ಬರೆಯುವ ಜಾಗವೊಂದು ಆಗಲೇ ಇತ್ತು.

ಈ ಐವತ್ತು ವರ್ಷದಲ್ಲಿ ಜನ ಮರೆಯಲಾರದ ವರ್ಷವೆಂದರೆ 2013. ಆ ವರ್ಷ ಎರಡು ಸಂಗತಿ ನಡೆದವು. ಲೀಟರಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ 2008ರಲ್ಲಿ 2 ರೂಪಾಯಿಯಿಂದ ಶುರುವಾಗಿದ್ದದ್ದು 4 ರೂಪಾಯಿಗೆ ಏರಿತು, ಆಗಸ್ಟ್ 1ರಂದು ಶಾಲಾಮಕ್ಕಳಿಗೆ 150 ಮಿಲಿಲೀಟರ್ ಹಾಲು ಕೊಡುವ ಕ್ಷೀರಭಾಗ್ಯ ಆರಂಭವಾಯಿತು. ಹಾಲು ಹಾಕುವ ಮನೆಯ ಮಗುವಿಗೇ ಹಾಲಿಲ್ಲ ಎಂಬ ಸ್ಥಿತಿ ಇದ್ದದ್ದು ಗೊತ್ತಿರುವವರಿಗೆ ಆ ಲೋಟದ ಬೆಲೆ ಗೊತ್ತು. ಅದಾದ ಕೆಲವೇ ವಾರಗಳಲ್ಲಿ ಕಾಲುಬಾಯಿ ಜ್ವರ ಎದ್ದಿತು. ರಾಜ್ಯದಲ್ಲಿ ಸಾವಿರಾರು ದನ ಸತ್ತವು. ರಾಮನಗರ ಸೀಮೆಗೆ ಬಿದ್ದ ಏಟು ಜೋರಾಗಿತ್ತು. ಬಾಯಲ್ಲಿ ಜೊಲ್ಲು ಸುರಿಸುತ್ತ, ಗೊರಸು ಬಿರಿದು ನಿಲ್ಲಲಾರದೆ ಬಿದ್ದ ಸೀಮೆ ಹಸುಗಳನ್ನು ಜೆಸಿಬಿಯಲ್ಲಿ ಗುಂಡಿ ತೋಡಿ ಹೂಳಿದರು. ಹೆಸರಿಟ್ಟು ಕರೆಯುತ್ತಿದ್ದ ಹಸು ಹೋದರೆ ಮನೆಯಲ್ಲಿ ಒಲೆ ಹಚ್ಚಲು ಮನಸ್ಸಾಗುವುದಿಲ್ಲ. ಅದರ ಜೊತೆಗೆ ಬಟವಾಡೆಯೂ ನಿಲ್ಲುತ್ತದೆ, ಸಾಲ ನಿಲ್ಲುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಹಳ್ಳಿಯವರ ಕಣ್ಣಲ್ಲಿ ಮೊದಲು ಕಂಡದ್ದು ಈ ಹಳೆಯ ಹೆದರಿಕೆ.

2020ರ ಲಾಕ್‌ಡೌನ್ ಬೇರೆ ಬಗೆಯ ಪರೀಕ್ಷೆ. ಹೋಟೆಲು, ಕಲ್ಯಾಣಮಂಟಪ ಮುಚ್ಚಿ ಹಾಲಿನ ಬೇಡಿಕೆ ಕುಸಿಯಿತು. ಹಾಗಿದ್ದೂ ಡೈರಿಯ ಕೋಣೆ ಬಾಗಿಲು ಹಾಕಲಿಲ್ಲ. ಮಾರಾಟವಾಗದೆ ಮಿಕ್ಕ ಹಾಲನ್ನು ಸರ್ಕಾರವೇ ಕೊಂಡು ನಗರದ ಬಡವರಿಗೆ ಹಂಚಿತು. ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡು ಗಂಟುಮೂಟೆ ಕಟ್ಟಿ ಊರಿಗೆ ಬಂದ ಹುಡುಗರನ್ನು ತಿಂಗಳುಗಟ್ಟಲೆ ಸಾಕಿದ್ದು ಅವರ ಅವ್ವಂದಿರ ಹಸುಗಳು. ಕೆಲವರು ಊರಲ್ಲೇ ಉಳಿದು ಇನ್ನೆರಡು ಹಸು ಕಟ್ಟಿದರು, ಉದ್ಯೋಗ ಖಾತ್ರಿಯಲ್ಲಿ ಕೊಟ್ಟಿಗೆ ಕಟ್ಟಿಸಿಕೊಂಡರು.

ಈಗ ರಾಮನಗರದಲ್ಲಿ ಹಾಲಿನ ಪುಡಿಯ ಘಟಕವಿದೆ, ಕನಕಪುರದ ಶಿವನಹಳ್ಳಿಯ ಬಳಿ ದೊಡ್ಡ ಡೈರಿಯಿದೆ. ಹಾಲು ಶೇಖರಣೆಯಲ್ಲಿ ಗುಜರಾತ್ ಬಿಟ್ಟರೆ ಕರ್ನಾಟಕವೇ. 2024ರ ಜೂನ್ ಕೊನೆಯಲ್ಲಿ ರಾಜ್ಯದ ಸಂಘಗಳಲ್ಲಿ ಒಂದೇ ದಿನ ಶೇಖರವಾದ ಹಾಲು 1 ಕೋಟಿ ಲೀಟರ್ ದಾಟಿತು. ದಿನಕ್ಕೆ 50,000 ಲೀಟರ್‌ನಿಂದ ಶುರುವಾದ ಲೆಕ್ಕ ಇದು.

ಆದರೆ ಹೈನು ನಿಂತಿರುವುದು ಮೇವಿನ ಮೇಲೆ, ಮೇವು ನಿಂತಿರುವುದು ನೆಲ ನೀರಿನ ಮೇಲೆ. ಬಿಡದಿ ಹೋಬಳಿಯ ಭೈರಮಂಗಲ ಕೆರೆಗೆ ವೃಷಭಾವತಿ ಹೊತ್ತು ತರುವುದು ಬೆಂಗಳೂರಿನ ಕೊಳಚೆಯನ್ನು. ಬತ್ತ ಬೆಳೆಯಲಾಗದೆ ಅಲ್ಲಿನ ರೈತರು ಹಿಪ್ಪುನೇರಳೆಗೆ, ಬೇಬಿ ಕಾರ್ನ್‌ಗೆ, ನೇಪಿಯರ್ ಹುಲ್ಲಿಗೆ, ಹಸುಗಳಿಗೆ ತಿರುಗಿದರು. ಈಗ ಅದೇ ಸುತ್ತಿನ ಹಳ್ಳಿಗಳಿಗೆ ಉಪನಗರದ ಭೂಸ್ವಾಧೀನದ ಆತಂಕ. ಪರಿಹಾರದ ಲೆಕ್ಕವನ್ನು ಎಕರೆಯಲ್ಲಿ ಹಾಕುತ್ತಾರೆ. ಆ ಎಕರೆಯ ಬದುವಿನ ಹುಲ್ಲು ಕೊಯ್ದು ಹಸು ಸಾಕುವ ನೆಲವಿಲ್ಲದ ಹೆಂಗಸು ಯಾವ ಪಟ್ಟಿಯಲ್ಲಿ ಬರುತ್ತಾಳೆ? ಗೋಮಾಳಗಳು ಒಂದೊಂದಾಗಿ ಕರಗಿವೆ. ಹಿಂಡಿ, ಬೂಸಾದ ಬೆಲೆ ಹಾಲಿನ ಬೆಲೆಯನ್ನು ಮೀರಿ ಓಡುತ್ತಿದೆ. ಪ್ರೋತ್ಸಾಹಧನ ತಿಂಗಳುಗಟ್ಟಲೆ ಬಾಕಿ ಬೀಳುವುದುಂಟು. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿಸಿದಾಗ ನಗರದಲ್ಲಿ ಗೊಣಗಿದವರಿಗೆ ಒಂದು ಹೊರೆ ಹುಲ್ಲಿನ ತೂಕ ಗೊತ್ತಿದ್ದರೆ ಚೆನ್ನಾಗಿತ್ತು.

ಇಂದು ಈ ಸೀಮೆಯ ಹಲವು ಹಳ್ಳಿಗಳಲ್ಲಿ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಸಮವಸ್ತ್ರ ತೊಟ್ಟ ಹುಡುಗರು ಕಾಣುತ್ತಾರೆ. ಬಿಡದಿಯ ಕಾರ್ಖಾನೆಗಳ ಪಾಳಿಗೆ ಹೋಗುವವರು. ಅವ್ವ ಕರೆದು ಕೊಟ್ಟ ಹಾಲು ಹಾಕಿ, ಯಂತ್ರ ಕೊಟ್ಟ ಚೀಟಿ ಜೇಬಿಗಿಟ್ಟು, ಖಾಲಿ ಕ್ಯಾನನ್ನು ತಂಗಿಯ ಕೈಗೆ ಕೊಟ್ಟು, ಅಲ್ಲಿಯೇ ನಿಂತು ಕಂಪನಿ ಬಸ್ಸು ಹತ್ತುತ್ತಾರೆ. ಚೀಟಿಯ ಮೇಲೆ ಲೀಟರ್, ಫ್ಯಾಟು, ದರ ಅಚ್ಚಾಗಿರುತ್ತದೆ. ಈಗೀಗ ಕೆಲವು ಚೀಟಿಗಳ ಮೇಲೆ ಅವ್ವನ ಹೆಸರೂ ಇರುತ್ತದೆ.